ನಡತೆಯ ಸರ್ಟಿಫಿಕೇಟು

೧೯೭೬ ಜನವರಿ ೧೯, ಸೋಮವಾರ

ಸಂಜೆ ಕ್ಲಾಸಿಗೆ ಒಂಬತ್ತು ಜನ. ಎಲ್ಲ ಸರ್ಕಾರಿ ಪರೀಕ್ಷೆಗೆ ಕೂರುವವರು. ಇವತ್ತು ವರದಿ ಬರೆಯುವ ಪಾಠ. ಕಂಡದ್ದು ಬೇರೆ, ಕೇಳಿದ್ದು ಬೇರೆ, ಊಹಿಸಿದ್ದು ಬೇರೆ — ಮೂರನ್ನೂ ಬೆರೆಸಬೇಡಿ ಅಂದೆ. ಸಿದ್ದರಾಮುವೇ ಎಲ್ಲರಿಗಿಂತ ಚೆನ್ನಾಗಿ ಬರೆದ. ಕೊತ್ತತ್ತಿಯ ಹುಡುಗ, ಅಪ್ಪ ಇಲ್ಲ. ಕೇಂದ್ರದ ಗುಪ್ತಚರ ಇಲಾಖೆಗೆ ಆಯ್ಕೆಯಾಗಿದ್ದಾನೆ. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ. ನಡತೆಯ ಸರ್ಟಿಫಿಕೇಟಿಗೆ ಸಹಿ ನನ್ನದು. ಮಂಡ್ಯದ ನನ್ನ ಕ್ಲಾಸಿನಿಂದ ದೆಹಲಿಗೆ ಹೋಗುವ ಮೊದಲನೆಯವನು... ಹೆಮ್ಮೆ ಆಯಿತು, ಸುಳ್ಳೇಕೆ.

ಜನವರಿ ೨೫, ಭಾನುವಾರ

ಸಿದ್ದರಾಮು ಮನೆಯಲ್ಲಿ ಊಟ. ಅವನ ತಾಯಿ ಚಲುವಮ್ಮ ಬಿಸಿ ಮುದ್ದೆ ಇಡುತ್ತಿದ್ದರು. ಹಿತ್ತಿಲ ಬಾಗಿಲಿನಿಂದ ಒಬ್ಬರು ಒಳಗೆ ಬಂದರು. ಗಡ್ಡ, ಕೆಸರುಗಾಲು. ನನ್ನನ್ನು ಕಂಡು ನಿಂತಲ್ಲೇ ನಿಂತರು. ಸಿದ್ದರಾಮು ಕೈಯ ತುತ್ತು ತಟ್ಟೆಗೆ ಬಿತ್ತು.

ಅವನ ಭಾವ ಮಾದಯ್ಯ, ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕನ ಗಂಡ. ಮದ್ದೂರಿನಲ್ಲಿ ಮೇಷ್ಟ್ರಾಗಿದ್ದವರು. ತುರ್ತು ಪರಿಸ್ಥಿತಿಯ ವಿರುದ್ಧ ಕರಪತ್ರ ಹಂಚಿ, ಆರು ತಿಂಗಳಿಂದ ತಲೆಮರೆಸಿಕೊಂಡಿದ್ದಾರಂತೆ.

ಬಸ್ಸಿನವರೆಗೂ ಬಂದ ಚಲುವಮ್ಮ ಕೈ ಹಿಡಿದುಕೊಂಡರು. "ನೀವು ಯಾರ್ನೂ ನೋಡ್ನಿಲ್ಲ ಕಣಮ್ಮ. ಮಗ್ಳು ತುಂಬಿದ್ ಬಸ್ರಿ."

ನೋಡಲಿಲ್ಲ ಅಂದೆ.

ಫೆಬ್ರವರಿ ೪, ಬುಧವಾರ

ಕಾಲೇಜಿನಲ್ಲಿ ಮೂರನೇ ಪೀರಿಯಡ್ಡು ನಡೆಯುವಾಗ ಜವಾನ ಬಂದು ಕರೆದ. ಸ್ಟಾಫ್ ರೂಮಿನಲ್ಲಿ ಇನ್ಸ್‌ಪೆಕ್ಟರ್ ವೆಂಕಟರಾಮಯ್ಯ, ಮಫ್ತಿಯಲ್ಲಿ. ಸಿದ್ದರಾಮುವಿನ ವೆರಿಫಿಕೇಶನ್.

"ಅವನ ಭಾವನ್ನ ನೋಡಿದೀರಾ, ಮೇಡಂ?"

"ಇಲ್ಲ."

"ಕೊತ್ತತ್ತಿಗೆ ಹೋಗಿದ್ರಂತೆ?"

"ಊಟಕ್ಕೆ. ಮನೆಯವರು ಬಿಟ್ಟು ಬೇರೆ ಯಾರೂ ಇರಲಿಲ್ಲ."

"ಬರೆದು ಕೊಟ್ಬಿಡಿ."

ಬರೆದೆ. ಪೆನ್ನು ಎರಡು ಸಲ ನಿಂತಿತು. ಮಸಿ ಆರುವವರೆಗೂ ಕಾದು, ಮಡಿಸಿ ಜೇಬಿಗಿಟ್ಟುಕೊಂಡರು. ಕೊತ್ತತ್ತಿಗೆ ಹೋದದ್ದು ಇವರಿಗೆ ಹೇಗೆ ಗೊತ್ತು?

ಫೆಬ್ರವರಿ ೫, ಗುರುವಾರ

ಸಿದ್ದರಾಮುವನ್ನು ಪಕ್ಕಕ್ಕೆ ಕರೆದು ಹೇಳಿದೆ — "ಯಾರನ್ನೂ ನೋಡಿಲ್ಲ ಅಂತ ಬರೆದುಕೊಟ್ಟಿದೀನಿ. ನೀನೂ ಹಾಗೇ ಹೇಳು."

ಮುಖ ಬಿಳಿಚಿಕೊಂಡಿತು. "ಯಾಕ್ ಬರ್ದ್ರಿ ಮೇಡಂ?"

ಭಯ, ಪಾಪ.

ಫೆಬ್ರವರಿ ೧೭, ಮಂಗಳವಾರ

ಮಾದಯ್ಯ ಸಿಕ್ಕಿಬಿದ್ದರು. ಜಲಪಾತದ ಹತ್ತಿರದ ಬ್ಲಫ್ ಅನ್ನುವ ಊರಿನಲ್ಲಿ, ಪವರ್ ಹೌಸ್ ನೌಕರನೊಬ್ಬನ ಕ್ವಾರ್ಟರ್ಸಿನಲ್ಲಿ.

ಸಂಜೆ ವೆಂಕಟರಾಮಯ್ಯ ಮನೆಗೇ ಬಂದರು. ಒಂದು ಹಾಳೆ ಮುಂದಿಟ್ಟರು. ಸಿದ್ದರಾಮು ಕೈಬರಹ. ತಾರೀಖು ಜನವರಿ ೨೮ — ನಾನು ಸುಳ್ಳು ಬರೆಯುವುದಕ್ಕೆ ಒಂದು ವಾರ ಮುಂಚೆ. ಕಂಡದ್ದು: ೨೫ರಂದು ಭಾವ ಮನೆಗೆ ಬಂದರು, ಆಗ ಗೋದಾ ಮೇಡಂ ಊಟಕ್ಕೆ ಕೂತಿದ್ದರು. ಕೇಳಿದ್ದು: ಭಾವ ಅಕ್ಕನ ಹತ್ತಿರ ಬ್ಲಫ್ ಹೆಸರು ಎತ್ತಿದರು. ಊಹೆ: ಒಂದೇ ಸಾಲು, ಅಲ್ಲೇ ಅಡಗಿರಬಹುದು.

"ಚೆನ್ನಾಗಿ ಕಲಿಸಿದೀರ" ಅಂದರು. ನಗಲಿಲ್ಲ. ನನ್ನ ಹೇಳಿಕೆ ತೆಗೆದು ತೋರಿಸಿ, ಮತ್ತೆ ಜೇಬಿಗಿಟ್ಟರು. "ಇದು ನನ್ನ ಹತ್ರಾನೇ ಇರ್ಲಿ. ಕಾಲೇಜಲ್ಲಿ ಯಾರು ಏನು ಮಾತಾಡ್ತಾರೆ ಅಂತ ಕೇಳೋಕೆ ಬರ್ತಿರ್ತೀನಿ."

ಕಾಫಿ ಮುಟ್ಟದೆ ಹೋದರು.

ಫೆಬ್ರವರಿ ೨೦, ಶುಕ್ರವಾರ

ಚಲುವಮ್ಮ ಬಂದರು. ಕರೆದರೂ ಒಳಗೆ ಬರಲಿಲ್ಲ.

"ಅವತ್ತು ಮನೇಲಿದ್ದ ಒರಗ್ನೋರು ನೀವೊಬ್ರೇಯ. ನೀವೇ ಏಳುದ್ರಾ?"

ಮಗನ ಹೆಸರು ನಾಲಿಗೆಯ ತುದಿಗೆ ಬಂತು. ಹೂಂ ಅಂದುಬಿಟ್ಟೆ.

ಉಗಿಯುತ್ತಾರೆ ಅಂದುಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ ಸಿದ್ರಾಮುನ ಕೆಲ್ಸುಕ್ಕೇನೂ ತೊಂದ್ರೆ ಆಗಾಕಿಲ್ವಾ?"

"ಇಲ್ಲ. ಅದು ಗಟ್ಟಿಯಾಯಿತು."

"ಅಷ್ಟಾದ್ರೂ ಉಳಿಸುದ್ರಲ್ಲ, ಬುಡಿ."

ಹಿಂತಿರುಗಿ ನೋಡದೆ ಹೋದರು.

ಫೆಬ್ರವರಿ ೨೯, ಭಾನುವಾರ

ಸಂಜೆ ಕ್ಲಾಸು ನಿಲ್ಲಿಸಿ ವಾರವಾಯಿತು. ಗಂಟಲು ಸರಿಯಿಲ್ಲ ಅಂತ ಹೇಳಿದ್ದೇನೆ.

ಸಿದ್ದರಾಮು ಬಂದ. ನಾಳೆ ರೈಲು.

"ಅವ್ವ ದಿನಾ ನಿಮ್ಮುನ್ನ ಬಯ್ತಾಳೆ. ನೀವ್ಯಾಕ್ ಒಪ್ಕೊಂಡ್ರಿ ಮೇಡಂ?"

"ನೀನ್ಯಾಕೆ ಬರೆದೆ?"

"ಭಾವ ಎಲ್ಲವ್ರೆ ಅಂತ ಬರ್ಕೊಟ್ರೆ ಕೆಲ್ಸುದ್ ಆರ್ಡ್ರು, ಇಲ್ದಿದ್ರೆ ನೀನೂ ಒಳಕ್ಕೇ ಅಂದ್ರು. ಮನೇಲಿ ನಾನೊಬ್ನೇ ಗಂಡ್ಸು..."

ಅತ್ತ. ಸುಳ್ಳು ಅನಿಸಲಿಲ್ಲ. ಪೂರ್ತಿ ನಿಜ ಅಂತಲೂ ಅನಿಸಲಿಲ್ಲ.

ಬಗ್ಗಿ ಕಾಲು ಮುಟ್ಟಿದ. ಏಳಲೇ ಇಲ್ಲ — ಆಶೀರ್ವಾದಕ್ಕೆ ಕಾದ. ಕೈ ಎತ್ತಿದೆ. ಅವನ ತಲೆಯ ಮೇಲೆ ಇಡಲಾರದೆ, ಹಿಂದಕ್ಕೂ ತೆಗೆಯಲಾರದೆ, ಹಾಗೇ ಹಿಡಿದು ನಿಂತೆ.