ಸಿಂಪಿ ಮೇಜಿನ ಮೇಲೆ ಮಾವನ ಮಾತು

ಬೂಸಾನ್
ಜನವರಿ 19, ಸೋಮವಾರ

ಪ್ರೀತಿಯ ನಮ್ಮ ಸೋದಮ್‌ಳ ಅಪ್ಪಾ,

ಆರೋಗ್ಯವಾಗಿದ್ದೀರಾ? ಎಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಮಾಯಿತೇ? ಹಡಗಿಗೆ ಫೋನು ಸಿಗುವುದಿಲ್ಲವಲ್ಲ, ಈ ಕಾಗದವನ್ನು ನಿಮ್ಮ ಕಂಪನಿಯ ಆಫೀಸಿಗೆ ಕೊಡುತ್ತಿದ್ದೇನೆ. ಮುಂದಿನ ಬಂದರಿಗೆ ತಲುಪಿಸುತ್ತಾರಂತೆ. ಮೊದಲೇ ಹೇಳಿಬಿಡುತ್ತೇನೆ, ಮಾವ ಬದುಕಿದ್ದಾರೆ. ಇನ್ನು ನಿಧಾನವಾಗಿ ಓದಿ.

ಕಳೆದ ಮಂಗಳವಾರ ಮಧ್ಯಾಹ್ನ ನಾನೂ ಅತ್ತೆಯೂ ಊರಲ್ಲಿ, ಥೊಂಗ್ಯೊಂಗಿನ ಶೆಡ್ಡಿನಲ್ಲಿ ಸಿಂಪಿ ಬಿಡಿಸುತ್ತಿದ್ದೆವು. ಮಾವ ಗುಡ್ಡದ ಮೇಲಿನ ತಮ್ಮ ಟೈಪ್‌ರೈಟರ್ ರಿಪೇರಿ ಕೋಣೆಯಲ್ಲಿದ್ದರು. ಅವರ ಕಂಪ್ಯೂಟರಿನಿಂದ ನನ್ನ ಫೋನಿಗೆ ಒಂದು ಮೆಸೇಜು ಬಂತು. ಬರೀ ಇಂಗ್ಲಿಷ್ ಅಕ್ಷರಗಳು: ಎನ್, ಬಿ, ಜೆಡ್, ಸ್ವಲ್ಪ ಜಾಗ ಬಿಟ್ಟು ಐ, ಬಿ, ಎಸ್. ಭಾಷೆ ಬದಲಿಸುವ ಗುಂಡಿ ಒತ್ತಲು ಮರೆತಿರಬೇಕು ಎಂದು ಆ ಕೀಲಿಗಳಲ್ಲಿರುವ ನಮ್ಮ ಕೊರಿಯನ್ ಅಕ್ಷರಗಳನ್ನು ಹುಡುಕಿದೆ. ಮೊದಲೆರಡು, ಮಕ್ಕಳು ಕಣ್ಣೀರಿನ ಗುರುತಿಗೆ ಒತ್ತುವ ಸ್ವರಗಳು. ಮೂರನೆಯದು ಕಿಲಕಿಲ ನಗುವ ಅಕ್ಷರ. ಪಕ್ಕದ ಪಿಲ್‌ಸುನ್ ಅಕ್ಕ ಇಣುಕಿ, “ಅಳ್ತಾನೂ ಇದಾರೆ, ನಗ್ತಾನೂ ಇದಾರೆ! ಹಗಲೇ ಸೋಜು ಏರಿಸಿರ್ಬೇಕು ನಿಮ್ಮಾವ,” ಎಂದಳು. ಎಲ್ಲರೂ ನಕ್ಕೆವು. ಅತ್ತೆ ನಗಲಿಲ್ಲ.

“ನೀನು ನಿನ್ನ ಕೀಲಿಮಣೆ ನೋಡ್ತಿದೀಯ ಕಣೇ. ಅವರದ್ದೇ ಬೇರೆ. ಯಾವ ಬೆರಳು ಎಲ್ಲಿ ಬಿತ್ತು, ಅಷ್ಟು ಹೇಳು,” ಎಂದರು.

ಮಾವನದು ಟೈಪ್‌ರೈಟರ್ ಕಾಲದ ಕೀಲಿ ಜೋಡಣೆಯಲ್ಲವೇ? ಮೊದಲ ವ್ಯಂಜನಕ್ಕೆ ಬಲಗೈ, ಸ್ವರಕ್ಕೂ ಕೊನೆಯ ವ್ಯಂಜನಕ್ಕೂ ಎಡಗೈ. ಮದುವೆಗೆ ಮುಂಚೆ ಅತ್ತೆ ಬಂದರು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಾಗ ಒತ್ತಿದ್ದೂ ಅದನ್ನೇ. ಅವರು ಕೈಗವಸು ಕಿತ್ತೆಸೆದು ಹತ್ತೂ ಬೆರಳುಗಳನ್ನು ಒದ್ದೆ ಮೇಜಿನ ಮೇಲಿಟ್ಟರು. ನಾನು ಹೇಳಿದೆ: ಬಲ ತೋರುಬೆರಳು, ಕೆಳಸಾಲು. “ಸ,” ಎಂದರು. ಎಡ ತೋರುಬೆರಳು, ಕೆಳಸಾಲು. “ಉ.” ಎಡ ಕಿರುಬೆರಳು, ಅದೇ ಸಾಲು. “ಮ್.” ಸುಮ್. ಉಸಿರು! ಎರಡನೆಯದನ್ನೂ ಬೆರಳು ಬೆರಳಾಗಿ ಹೇಳಿದೆ. ಮುನ್. ಬಾಗಿಲು.

“ಇದ್ದಲೊಲೆ ಹಚ್ಚಿ ಬಾಗಿಲು ಹಾಕ್ಕೊಂಡಿದಾರೆ! ಓಡೇ!”

ಹೇಗೆ ಗುಡ್ಡ ಹತ್ತಿದೆನೋ ತಿಳಿಯದು. ಒಳಗಿಂದ ಚಿಲಕ. ಕಲ್ಲೆತ್ತಿ ಕಿಟಕಿ ಒಡೆದು ನುಗ್ಗಿದೆ. ಮಾವ ಕೀಲಿಮಣೆಯ ಮೇಲೆ ತಲೆಯಿಟ್ಟಿದ್ದರು, ಮುಖ ಕೆಂಪಗಿತ್ತು, ಜೊಂಪು ಹತ್ತಿದವರ ಹಾಗೆ. ಕಂಕುಳಿಗೆ ಕೈ ಹಾಕಿ ಹೊರಗೆಳೆದೆ. ಅಷ್ಟರಲ್ಲಿ ಪಿಲ್‌ಸುನ್ ಅಕ್ಕನೇ ಕರೆಸಿದ ಆಂಬುಲೆನ್ಸ್ ಬಂತು. ಇಲ್ಲಿ ಬೂಸಾನಿನ ಆಸ್ಪತ್ರೆಗೆ ತಂದು ಆಮ್ಲಜನಕದ ಕೊಠಡಿಯಲ್ಲಿಟ್ಟರು. ಗುರುವಾರ ಕಣ್ಣು ಬಿಟ್ಟವರೇ, “ನನ್ನ ಕಿಟಕಿ ಒಡೆದೋರು ಯಾರು?” ಎಂದು ಗದರಿದರು. ನಾನು ಅತ್ತುಬಿಟ್ಟೆ.

ಬಲಗೈ ಇನ್ನೂ ನಡುಗುತ್ತದೆ, ಮಾತು ತಡೆಯುತ್ತದೆ. ಅದಕ್ಕೆ ಅತ್ತೆ ಫೋನಿನಲ್ಲಿ ದೊಡ್ಡ ಗುಂಡಿಗಳ ಜೋಡಣೆ ಹಾಕಿಕೊಟ್ಟರು. ಚುಕ್ಕೆ, ನಿಂತ ಗೆರೆ, ಮಲಗಿದ ಗೆರೆ, ಈ ಮೂರರಲ್ಲೇ ಎಲ್ಲ ಸ್ವರವೂ. ಒಂದು ಹೆಬ್ಬೆರಳು ಸಾಕು. “ಇದು ಮುದುಕಿಯರದ್ದು,” ಎಂದು ಮಾವ ಮೂತಿ ತಿರುಗಿಸಿದರು. “ಮುದುಕಿ ಗಂಡನಿಗೂ ಆಗತ್ತೆ, ಒತ್ತಿ,” ಎಂದರು ಅತ್ತೆ. ಬಹಳ ಹೊತ್ತು ಹೆಣಗಿ ಮಾವ ಬರೆದರು: ಗಂಜಿ ಸಪ್ಪೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಮಗಳು ಸೋದಮ್ ಪಿಲ್‌ಸುನ್ ಅಕ್ಕನ ಮನೆಯಲ್ಲಿ ಹಾಯಾಗಿದ್ದಾಳೆ.

ನಿಮ್ಮ,
ಮಿರಾಂಗ್

ಮರೆತ ಮಾತು: ಮೇಲಿನದೆಲ್ಲ ಅತ್ತೆ ಪಕ್ಕದಲ್ಲಿ ಕೂತು ಬರೆಸಿದ್ದು. ಈಗ ನೀರು ತರಲು ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಈ ಹೊಗೆ ಕುಡಿದವರು ಚೇತರಿಸಿಕೊಂಡ ಮೇಲೂ ಕೆಲವೊಮ್ಮೆ ನೆನಪು ಕಳೆದುಕೊಳ್ಳುತ್ತಾರಂತೆ, ಡಾಕ್ಟರು ಹೇಳಿದರು. ಇವತ್ತು ಬೆಳಿಗ್ಗೆ, ಹಡಗಿಗೆ ತಲುಪುವುದಿಲ್ಲವೆಂದರೂ ಕೇಳದೆ ನಿಮಗೆ ಮೆಸೇಜು ಬರೆಯಲು ಹೊರಟ ಮಾವ ನನ್ನತ್ತ ಫೋನು ಚಾಚಿ, “ಹಡಗಲ್ಲಿರೋ ನಮ್ಮ ಹುಡುಗನ ಹೆಸರು... ಮೊದಲಕ್ಷರ ಯಾವುದಮ್ಮಾ?” ಎಂದರು. ಗುಂಡಿ ಎಲ್ಲಿದೆ ಎಂದು ಕೇಳುತ್ತಿದ್ದಾರೆಂದುಕೊಂಡು ತೋರಿಸಿದೆ. ಒತ್ತಿದರು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಕೂತರು, ಮುಂದಿನ ಅಕ್ಷರಕ್ಕಾಗಿ. ಸೋದಮ್ ಅಪ್ಪಾ, ಮುಂದಿನ ಬಂದರಿನಲ್ಲೇ ಇಳಿದುಬಿಡಿ.