ಹಿನ್ನೀರಿನ ಜಗಲಿ

ಹ್ಯಾಂಡ್‌ಪೋಸ್ಟ್
ಸೋಮವಾರ, ೧೨ ಮೇ ೨೦೨೫

ಅನುಶ್ರೀಯ ಅಪ್ಪನಿಗೆ ಮಾನಸ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಹೋದ ಸಲ ಬಂದಾಗ ಹಿಮ್ಮಡಿಯಲ್ಲಿ ಮುಳ್ಳು ಮುರಿದು ಕೀವು ತುಂಬಿಕೊಂಡಿತ್ತಲ್ಲ, ವಾಸಿಯಾಯಿತೇ? ಉಣ್ಣೆಹುಳ ಕಚ್ಚಿದ ಜಾಗವನ್ನು ಕೆರೆದುಕೊಳ್ಳಬೇಡಿ, ನಿಮಗೆ ಆ ಅಭ್ಯಾಸ ಇದೆ. ಫಾರೆಸ್ಟ್ ಕ್ಯಾಂಪಿನ ನೀರನ್ನು ಕುದಿಸಿಯೇ ಕುಡಿಯಿರಿ. ಒಂಟಿಸಲಗ ನಿಮ್ಮನ್ನು ಅಟ್ಟಿಸಿಕೊಂಡು ಬಂದ ವಿಷಯ ನನಗೆ ಹೇಳದೆ ಜೀಪಿನ ಮಲ್ಲೇಶನಿಗೆ ಹೇಳಿದ್ದೀರಿ, ಅವನು ತನ್ನ ಹೆಂಡತಿಗೆ ಹೇಳಿದ, ಅವಳು ರಾಗಿಮಿಲ್ಲಿನಲ್ಲಿ ಎಲ್ಲರ ಮುಂದೆ ನನಗೆ ಹೇಳಿದಳು. ಕೋಪವಿಲ್ಲ. ಆದರೆ ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ನೀವು ಓಡುತ್ತಿರುವುದೇ ಕಾಣುತ್ತದೆ. ರೇಷನ್ ಜೀಪಿನಲ್ಲಿ ಈ ಕಾಗದದ ಜೊತೆ ಹುಚ್ಚೆಳ್ಳು ಚಟ್ನಿಪುಡಿ, ಮಾವಿನಕಾಯಿ ಉಪ್ಪಿನಕಾಯಿ ಕಳಿಸುತ್ತಿದ್ದೇನೆ. ಮಗು ಚೆನ್ನಾಗಿದ್ದಾಳೆ, ದವಡೆಹಲ್ಲು ಪೂರ್ತಿ ಬಂದಿದೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿದ್ದೆ ಬಿಟ್ಟುಹೋಗಿ ಬಹಳ ದಿನವಾಯಿತು. ಅದರ ಕಾರಣವನ್ನು ಹೇಳುವುದಕ್ಕೇ ಈ ಕಾಗದ. ಕಾಡಿನಲ್ಲಿ ನಿಮಗೆ ಫೋನು ಸಿಗುವುದಿಲ್ಲ, ವೈರ್‌ಲೆಸ್‌ನಲ್ಲಿ ಹೇಳಿಸಿದರೆ ಇಡೀ ರೇಂಜು ಕೇಳಿಸಿಕೊಳ್ಳುತ್ತದೆ, ಇದು ಹಾಗೆ ಹೇಳುವ ವಿಷಯವಲ್ಲ.

ಕೋಟೆ ಟೌನಿನಲ್ಲಿ ಗೌರೀಶ್ ಮೇಷ್ಟ್ರು ತಿಂಗಳಿಗೊಮ್ಮೆ ‘ಊರ ಮಾತು’ ಅಂತ ನಡೆಸುತ್ತಾರಲ್ಲ, ನಿಮಗೂ ಒಂದು ಸಲ ಕಾಡಿನ ಬಗ್ಗೆ ಮಾತಾಡಿ ಅಂತ ಗಂಟುಬಿದ್ದಿದ್ದರಲ್ಲ, ಅದೇ. ಪಿರಿಯಾಪಟ್ಟಣದ ರಮ್ಯಾ ಅನ್ನುವ ಹುಡುಗಿ ಬಂದು ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ಗೂಡು ಮಾಡುವ ಗೂಬೆಗಳ ಬಗ್ಗೆ ಹೇಳಿದಳು. ಬೆಟ್ಟದಪುರದ ಬಂಡೆಗೆ ಹಗ್ಗ ಕಟ್ಟಿ ಹತ್ತುವ ಹುಡುಗರು ಫೋಟೋ ತೋರಿಸಿದರು. ಮಾರ್ಚ್‌ನಲ್ಲಿ ಮಾವನ ಸರದಿ. ಕಬಿನಿ ಕಟ್ಟೆ ಕಟ್ಟಿದಾಗ ಮುಳುಗಿದ ನಮ್ಮ ಹಳೇ ಊರಿನ ಬಗ್ಗೆ ಮಾತಾಡಿದರು. ಅತ್ತೆ ಹೋದ ಮೇಲೆ ಆ ಮನುಷ್ಯ ಹೊಸಿಲು ದಾಟಿದ್ದನ್ನೇ ಕಾಣೆ. ಅವತ್ತು ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡು ಹೊರಟಾಗ ನನಗೆ ಅಳು ಬಂದಿತ್ತು.

ನೀವು ಕೇಳಬೇಕಿತ್ತು. ಇತ್ತು, ಹೋಯಿತು ಅಂತ ಅವರು ಒಂದು ಮಾತೂ ಆಡಲಿಲ್ಲ. ಕೂತಿದ್ದವರನ್ನೆಲ್ಲ ಎಬ್ಬಿಸಿ ಬೀದಿಯಲ್ಲಿ ನಡೆಸಿಕೊಂಡು ಹೋಗುವವರ ಹಾಗೆ, “ಎಡಕ್ಕೆ ಬನ್ನಿ, ಇದು ಮಾರಿಗುಡಿ, ಚಪ್ಪಲಿ ಬುಡಿ. ಇಲ್ಲಿ ಒಗಿಯೋ ಕಲ್ಲು, ಜಾರ್ತದೆ ಕಣ್ರಪ್ಪಾ. ಇದೇ ನಮ್ಮನೆ. ಬಗ್ಗಿ ಬನ್ನಿ, ತೊಲೆ ತಗಲ್ತದೆ” ಅಂದರು. ನೋಡುತ್ತೇನೆ, ಇಡೀ ಸಭೆಯೇ ತಲೆ ಬಗ್ಗಿಸಿದೆ! ಹುಣಸೂರಿನಲ್ಲಿ ಇತಿಹಾಸ ಓದಿ ಡಿಗ್ರಿ ತಗೊಂಡ ನಾನೂ ಬಗ್ಗಿಸಿದ್ದೆ. ಹಿಂದಿನ ಸಾಲಿನಿಂದ ಮಾವನ ಜೊತೆಯವರು ಕುಳ್ಳಯ್ಯ, “ಲೇ ಸೋಮ, ನಿಮ್ಮನೆಗೆ ಬಾಗ್ಲೆಲ್ಲಿತ್ಲಾ, ಗೋಣಿಚೀಲ ಕಟ್ಟಿದ್ರಲ್ಲೋ!” ಅಂತ ಕೂಗಿದಾಗ ನಕ್ಕಿದ್ದೇ ನಕ್ಕಿದ್ದು. ಮಾವ ಬಿಡುತ್ತಾರೆಯೇ? “ನಿಂಗೆ ಕಾಣಕಿಲ್ಲ ಬುಡ್ಲಾ, ನೀನು ನಮ್ಮನೆಗೆ ಬತ್ತಿದ್ದುದ್ದು ಹಿತ್ಲಿಂದ, ಕೋಳಿ ಕದಿಯಾಕೆ” ಅಂದರು. ಅಂದು ಮನೆಗೆ ಬಂದು ರಾಗಿಮುದ್ದೆ ಎರಡು ಉಂಡರು.

ಆಮೇಲೆ ಸಣ್ಣಸಣ್ಣದು ಕಾಣಿಸತೊಡಗಿತು. ಒಂದು ದಿನ ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಹಳೇ ಊರಿಗೆ ಟಿಕೆಟ್ ಕೇಳಿದರು. ಮಾತಿನ ದಿನ ಸಭೆಯಲ್ಲಿದ್ದ ಕಂಡಕ್ಟರು, “ಸೋಮಣ್ಣೋರು ಬಸ್ಸಲ್ಲೂ ಸುರು ಮಾಡುದ್ರು!” ಅಂತ ನಕ್ಕು ಹ್ಯಾಂಡ್‌ಪೋಸ್ಟಿಗೆ ಟಿಕೆಟ್ ಹರಿದ. ಇನ್ನೊಂದು ದಿನ ಅಂಗಡಿಯ ಮಲ್ಲಾಜಮ್ಮನ ಮುಂದೆ, “ನಮ್ಮವ್ವ ಸಂತೆಗೆ ಓಗವ್ಳೆ, ಬಂದ್ಮೇಲೆ ಕಾಸು ಕೊಡ್ತಾಳೆ” ಅಂದರಂತೆ. ಅವರ ತಾಯಿ ಚೆಲುವಮ್ಮ ತೀರಿಕೊಂಡಾಗ ನಿಮಗೇ ಇನ್ನೂ ಮೀಸೆ ಬಂದಿರಲಿಲ್ಲ. ಮಲ್ಲಾಜಮ್ಮನೂ ಅದನ್ನು ಕಥೆಯೆಂದೇ ತಿಳಿದು ನಗುತ್ತಾ ನನಗೆ ಹೇಳಿದಳು. ಏನು ಅಂದರೂ ಜನ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಮಾವ ಅಂದೆ. “ನಂಗೇನಾಗದೆ? ಎಲ್ಲಾ ನೆನಪದಲ್ಲವ್ವಾ” ಅಂದರು. ಎಲ್ಲ ನೆನಪಿದೆ, ನಿಜ. ಅದೇ ನನ್ನ ಭಯ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀವು ಗಾಬರಿಯಾಗಬೇಡಿ, ಮಗುವಿಗೆ ಏನೂ ಆಗಿಲ್ಲ. ಹೋದ ಭಾನುವಾರದ ಹಿಂದಿನ ಭಾನುವಾರ, ಹಿನ್ನೀರು ಇಳಿದು ಹಳೇ ಊರಿನ ತಳ ಕಾಣುತ್ತಿದೆ ಅಂತ ಗೌರೀಶ್ ಮೇಷ್ಟ್ರು ಅಲ್ಲಿಗೊಂದು ನಡಿಗೆ ಇಟ್ಟುಕೊಂಡರು. ಆನೆ ಇಳಿಯುವುದು ಆಚೆ ದಡಕ್ಕೆ, ನಾವು ಈಚೆ ದಡದಲ್ಲಿ ಇರುತ್ತೇವೆ ಅಂದರು. ಕಾಲೇಜು ಹುಡುಗರು, ಕೃಷ್ಣರಾಜನಗರದಿಂದ ಬಂದ ಒಂದು ಗುಂಪು, ನಾನು, ತಾತನ ಹೆಗಲ ಮೇಲೆ ಅನುಶ್ರೀ. ಮಂಡಿನೋವು ಅಂತ ಕುಳ್ಳಯ್ಯ ಬರಲಿಲ್ಲ. ಬಿರುಕುಬಿಟ್ಟ ಮಣ್ಣಿನ ಮೇಲೆ ಮಾವ ಮುಂದೆ ಮುಂದೆ ನಡೆದರು. ಮಾರಿಗುಡಿಯ ಪಾಯ ಸಿಕ್ಕಿತು, ಒಗೆಯುವ ಕಲ್ಲು ಸಿಕ್ಕಿತು, ಅವರು ಸಭೆಯಲ್ಲಿ ಹೇಳಿದ್ದ ಜಾಗದಲ್ಲೇ! ಜನ ಬೆರಗಾಗಿ ಫೋನು ಹಿಡಿದುಕೊಂಡು ಹಿಂದೆ ಬಿದ್ದರು. ಕಲ್ಲು ದಾಟಿದ ಮೇಲೆ ಕೆಸರು, ಕೆಸರು ದಾಟಿದರೆ ನೀರು. ಮಾವ ನಿಲ್ಲಲಿಲ್ಲ. ಪಾದ ಮುಳುಗಿತು, ಮೀನಖಂಡ ಮುಳುಗಿತು, “ಬನ್ನಿ ಬನ್ನಿ, ಇನ್ನೇನು ಬಂತು” ಅನ್ನುತ್ತಲೇ ಇದ್ದರು. ದಡದಲ್ಲಿದ್ದವರು ನಗುತ್ತಿದ್ದರು. ತೊಡೆಯವರೆಗೆ ನೀರು ಬಂದಾಗ ಅವರು ಬಾಗಿಲಿಗೆ ಬಗ್ಗುವ ಹಾಗೆ ತಲೆ ಬಗ್ಗಿಸಿದರು. ಮಗುವನ್ನು ಹೆಗಲಿಂದ ಇಳಿಸಿ ಎರಡೂ ಕೈಯಲ್ಲಿ ಹಿಡಿದು, “ಜಗಲಿ ಮ್ಯಾಲೆ ಕೂತ್ಕೋ ಕೂಸೇ, ಮಜ್ಗೆ ತತ್ತೀನಿ” ಅಂತ ನೀರಿಗೆ ಇಳಿಸತೊಡಗಿದರು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ ಕಣ್ರೀ. ಅವಳ ಸೊಂಟದವರೆಗೆ ನೀರು ಬಂದಿತ್ತು, ಅವರ ಕೈಯಿಂದ ಕಿತ್ತುಕೊಂಡೆ. ಅವಳಿಗೆ ಆಟ, ಕೇಕೆ ಹಾಕುತ್ತಿದ್ದಳು. ಮಾವ ನನ್ನ ಮುಖ ನೋಡಿದರು. ನಾನು ಯಾರು ಅಂತ ಆ ಕ್ಷಣ ಅವರಿಗೆ ಗೊತ್ತಿರಲಿಲ್ಲ. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಷ್ಟರಲ್ಲಿ ದಡದ ಮೇಲಿನಿಂದ ಜೋರು ಚಪ್ಪಾಳೆ. ಆ ಶಬ್ದಕ್ಕೆ ಅವರು ಬೆಚ್ಚಿ, ಸುತ್ತ ನೋಡಿ, ನಾಚಿಕೊಂಡವರಂತೆ ನಕ್ಕು ಕೈ ಮುಗಿದರು. ಎಲ್ಲರೂ ಅದನ್ನು ಅಭಿನಯ ಅಂದುಕೊಂಡರು. ನನ್ನ ಕಿರುಚಾಟವನ್ನೂ ಸೇರಿಸಿ.

ಆ ವಿಡಿಯೊ ಎಲ್ಲರ ಫೋನಿಗೂ ಹೋಗಿದೆ. ಕುಳ್ಳಯ್ಯನಿಗೆ ಯಾರೋ ತೋರಿಸಿದರಂತೆ. ಮನೆಗೆ ಬಂದರು, ಮಾವ ಸ್ನಾನಕ್ಕೆ ಹೋಗಿದ್ದಾಗ ಮೆಲ್ಲಗೆ, “ಆಟ ಅಲ್ಲ ಕಣವ್ವಾ ಅದು. ಅವ್ರ ಮನೆ ಇದ್ದುದ್ದು ಅಲ್ಲೇ. ಸೋಮ ಮನೆಗೇ ಓಗವ್ನೆ” ಅಂದು, ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ತಿಳಿದಿರುವುದು ಅವರಿಗೆ ಮತ್ತು ನನಗೆ, ಈಗ ನಿಮಗೆ.

ಹುಣಸೂರಿನಿಂದ, ಪಿರಿಯಾಪಟ್ಟಣದಿಂದ ಮಾವನಿಗೆ ಕರೆ ಬರುತ್ತಿದೆ. ಬರುವ ಭಾನುವಾರ ಮತ್ತೆ ಅದೇ ನಡಿಗೆ, ಈ ಸಲ ಒಂದು ಬಸ್ಸು ತುಂಬ ಬೇಸಿಗೆ ಶಿಬಿರದ ಮಕ್ಕಳು. “ಮಕ್ಳು ಬತ್ತಾವಂತೆ ಕಣವ್ವಾ, ಎಲ್ರುನೂ ಮನೆಗೆ ಕರ್ಕೊಂಡ್ ಓಯ್ತೀನಿ” ಅಂತ ಕನ್ನಡಿ ಮುಂದೆ ನಿಂತು ಅಂಗಿ ನೋಡಿಕೊಳ್ಳುತ್ತಾರೆ. ಬೇಡ ಅನ್ನಲು ನನಗೆ ಬಾಯಿ ಬರುತ್ತಿಲ್ಲ. ಮಾವನಿಗೆ ನಾಲ್ಕು ಜನ ಮರ್ಯಾದೆ ಕೊಟ್ಟಿದ್ದನ್ನು ಸೊಸೆ ಸಹಿಸಲಿಲ್ಲ ಅಂತ ಊರು ಆಡಿಕೊಳ್ಳುತ್ತದೆ, ಅದು ಹಾಳಾಗಿ ಹೋಗಲಿ. ಈ ಸಭೆ, ನಡಿಗೆ ನಿಂತರೆ ಅವರು ಮತ್ತೆ ಅತ್ತೆ ಹೋದ ದಿನಗಳ ಹಾಗೆ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾರೆ. ಇತ್ತ ಮಗುವನ್ನು ಅವರ ಕೈಗೆ ಕೊಡಲಾರೆ. ಸ್ನಾನ, ನಿದ್ದೆ, ನೆಗಡಿ ಅಂತ ಏನೋ ಒಂದು ನೆಪ ಹೇಳುತ್ತೇನೆ. ನಿನ್ನೆ ಅವರೇ ಕೇಳಿದರು, “ಯಾಕವ್ವಾ, ಕೂಸ್ನ ನನ್ತಾವ ಬುಡಾಕೇ ಇಲ್ಲ? ನಾನೇನಾದ್ರೂ ತೆಪ್ಪು ಮಾಡಿದ್ನಾ?” ಒಲೆಯ ಮೇಲೆ ಹಾಲು ಇದೆ ಅಂತ ಒಳಗೆ ಹೋದೆ. ಒಲೆ ಹಚ್ಚಿಯೇ ಇರಲಿಲ್ಲ.

ನೀವು ರಜೆ ಕೇಳಿ, ಭಾನುವಾರದೊಳಗೆ ಬನ್ನಿ. ನಿಮ್ಮ ಮಾತಾದರೆ ಅವರು ಕೇಳುತ್ತಾರೆ, ಅವರ ಮನಸ್ಸೂ ಮುರಿಯುವುದಿಲ್ಲ. ನೀವು ಹೇಳುವವರೆಗೆ ನಾನು ಯಾರಿಗೂ ಬಾಯಿ ಬಿಡುವುದಿಲ್ಲ.

ಕ್ಯಾಂಪಿನ ಜೊತೆಗಾರರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಕಾಡು ನಿಮ್ಮನ್ನು ಕಾಯಲಿ. ಅನುಶ್ರೀ ಇಲ್ಲಿ ಪೆನ್ನಿನಿಂದ ಗೀಚಿದ್ದಾಳೆ, ಅದು ನಿಮಗೆ ಮುತ್ತಂತೆ.

ಇಂತಿ ನಿಮ್ಮ
ಮಾನಸ

ತಾ.ಕ.: ಮಲ್ಲೇಶ ಬಂದು ಹಾರನ್ ಹೊಡೆಯುತ್ತಿದ್ದಾನೆ, ಹೊರಗೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟವಾದರೆ ಕ್ಷಮಿಸಿ. ಈಗ ತಾನೇ ಮಾವ ಚಪ್ಪಲಿ ಮೆಟ್ಟಿ ಹೊರಟರು. ಎಲ್ಲಿಗೆ ಅಂದರೆ, “ಕೂಸ್ನ ಜಗಲಿ ಮ್ಯಾಲೇ ಬುಟ್ಟು ಬಂದ್ಬುಟ್ಟಿವ್ನಿ ಕಣವ್ವಾ, ಕರ್ಕೊಂಡ್ ಬತ್ತೀನಿ” ಅಂದರು. ಒಳಗೆ ಕರೆದು, ಕೂರಿಸಿ, ಹೊರಗಿನಿಂದ ಚಿಲಕ ಹಾಕಿಬಿಟ್ಟೆ. ನಿಮ್ಮ ಅಪ್ಪನಿಗೆ ನಾನು ಚಿಲಕ ಹಾಕಿದೆ. ಅನುಶ್ರೀಯನ್ನು ಎತ್ತಿ ಕಿಟಕಿಯಲ್ಲಿ ತೋರಿಸಿದೆ, “ಇದ್ಯಾರ್ ಮಗಾ?” ಅಂದರು. ನೀವು ಬರುವವರೆಗೆ ಕಾಯುವುದಕ್ಕೆ ಆಗಲಿಲ್ಲ. ಗೌರೀಶ್ ಮೇಷ್ಟ್ರಿಗೆ ಫೋನ್ ಮಾಡಿ ಭಾನುವಾರದ ನಡಿಗೆ ಇಲ್ಲ ಅಂದೆ, ಯಾಕೆ ಅಂತಲೂ ಹೇಳಿದೆ. ರಜೆ ಗಿಜೆ ಅಂತ ಕೂರಬೇಡಿ, ಇದೇ ಜೀಪು ವಾಪಸು ಬರುವಾಗ ಹತ್ತಿಕೊಂಡು ಬನ್ನಿ. ಬಾಗಿಲು ಬಡಿಯುತ್ತಲೇ ಇದ್ದಾರೆ: “ತಗಿಯವ್ವಾ, ಮಳೆ ಬತ್ತದೆ, ನೀರು ಏರ್ತದೆ, ಅಲ್ಲಿ ಕೂಸು ಒಬ್ಳೇ ಕುಂತವ್ಳೆ.”