ಕಟ್ಟಿದ ಕೈ ಹಿಡಿತ ಬಿಟ್ಟಿತಂತೆ!

ಸೇನೆಯ ದೈಹಿಕ ತರಬೇತಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಮಗ ಬೆಕ್ತುರ್‌ನ ಕುತ್ತಿಗೆ ಮುರಿದದ್ದು ‘ಸೈನಿಕನು ಅಜಾಗರೂಕತೆಯಿಂದ ಹಿಡಿತ ಬಿಟ್ಟ ಕಾರಣ’ ಎಂದು ತಮ್ಮ ತನಿಖಾ ವರದಿ ಹೇಳುತ್ತದೆ. ಹಸಿ ಸುಳ್ಳು. ಅವನ ಎರಡೂ ಮಣಿಕಟ್ಟುಗಳನ್ನು ಚರ್ಮದ ಪಟ್ಟಿಯಿಂದ ಕಬ್ಬಿಣದ ಅಡ್ಡಸರಳಿಗೆ ಬಿಗಿದಿದ್ದರು. ಕೈ ಕಟ್ಟಿಸಿಕೊಂಡವನು ಹಿಡಿತ ಬಿಡುವುದು ಹೇಗೆ, ಮಾನ್ಯರೇ? ಈ ವಿದ್ಯೆ ತಮ್ಮ ಕಚೇರಿಯಲ್ಲಿ ಯಾರಿಗಾದರೂ ಬರುತ್ತದೆಯೇ?

ಅದು ಮಾರ್ಚ್ ತಿಂಗಳಲ್ಲಿ ಹೊಸ ಸೈನಿಕರ ಪ್ರತಿಜ್ಞಾ ದಿನ. ಹಿಟ್ಟಿನ ಬೊರ್ಸೊಕ್ ತಿಂಡಿ ಕರಿದುಕೊಂಡು, ಕುರಿಮಾಂಸ ಬೇಯಿಸಿಕೊಂಡು ನಾವು ಹೆತ್ತವರೆಲ್ಲ ತಿಯೆನ್ ಶಾನ್ ಬೆಟ್ಟದ ಶಿಬಿರಕ್ಕೆ ಹೋಗಿದ್ದೆವು. ನಮ್ಮೆದುರು ಹುಡುಗರು ‘ಸೂರ್ಯ’ ಸುತ್ತಬೇಕು. ಅಂದರೆ ಸರಳು ಹಿಡಿದು, ಮೈ ನೆಟ್ಟಗೆ ಚಾಚಿ, ಪೂರ್ತಿ ಸುತ್ತು ಹೊಡೆಯಬೇಕು. ಯುದ್ಧದಲ್ಲಿ ಶತ್ರು ಇದನ್ನು ಕಂಡು ಚಪ್ಪಾಳೆ ತಟ್ಟುತ್ತಾನೋ ಏನೋ. ಆರು ವಾರದ ಹಿಂದಷ್ಟೇ ಸರಳು ಮುಟ್ಟಿದವನಿಗೆ ಅದು ಬರುವುದಿಲ್ಲ, ಅದಕ್ಕೇ ಕೈ ಕಟ್ಟುತ್ತಾರೆ. ಸರಳು ಹೊತ್ತ ಕಂಬಗಳನ್ನು ಎಳೆದು ನಿಲ್ಲಿಸುವ ತಂತಿಯ ಗೂಟಗಳನ್ನು ಬೆಳಿಗ್ಗೆ ಹೆಪ್ಪುಗಟ್ಟಿದ ನೆಲಕ್ಕೆ ಹೊಡೆದಿದ್ದರು. ಭಾಷಣಗಳು ಮುಗಿಯುವಷ್ಟರಲ್ಲಿ ಬಿಸಿಲೇರಿ ನೆಲ ಕೆಸರಾಗಿತ್ತು.

“ಸಾರ್, ಗೂಟ ಅಲ್ಲಾಡ್ತಾ ಇದೆ,” ಎಂದ ಬೆಕ್ತುರ್.

“ಗೂಟ ಅಲ್ಲ ಕಣೋ, ನಿನ್ ಮಂಡಿ ಅಲ್ಲಾಡ್ತಿರೋದು! ಅಮ್ಮ ನೋಡ್ತಿದ್ದಾಳೆ, ಸುತ್ತೋ!” ಎಂದ ತರಬೇತುದಾರ. ಜನ ನಕ್ಕರು. ನಾನೂ ನಕ್ಕೆ.

ಮೂರನೇ ಸುತ್ತಿಗೆ ಗೂಟ ಕಿತ್ತು ಬಂದು ಕಂಬ ವಾಲಿತು. ಕೈ ಬಿಡುವಂತಿದ್ದರೆ ಪಕ್ಕಕ್ಕೆ ಜಿಗಿಯುತ್ತಿದ್ದ. ಸರಳಿನ ಜೊತೆಗೇ ತಲೆಕೆಳಗಾಗಿ ಅಪ್ಪಳಿಸಿದ. ಕುತ್ತಿಗೆ ಲಟಕ್ಕೆಂದದ್ದು ಮೂರನೇ ಸಾಲಿಗೂ ಕೇಳಿಸಿತು. ಮೇಲೆ ಕಂಬ ಬಿದ್ದು ಭುಜದ ಮೂಳೆ ಚರ್ಮ ಸೀಳಿ ಹೊರಬಂತು. ಮಾಂಸ ಕೊಯ್ಯಲು ತಂದಿದ್ದ ಚಾಕುವಿನಿಂದ ಪಟ್ಟಿ ಕತ್ತರಿಸಿದವನು ನಾನು.

“ಅಪ್ಪಾ, ನನ್ ಕಾಲೆಲ್ಲಿ?” ಎಂದ. ಕಾಲು ಅಲ್ಲೇ ಇತ್ತು.

ತಮ್ಮ ವರದಿಯಲ್ಲಿ ಪಟ್ಟಿಯ ಮಾತೇ ಇಲ್ಲ. ಅದನ್ನು ಓದಿಸಿಕೊಂಡ ದಿನದಿಂದ ಬೆಕ್ತುರ್ ಮಲಗಿದಲ್ಲೇ ಛಾವಣಿ ನೋಡುತ್ತಾ ಒಂದೇ ಮಾತು ಕೇಳುತ್ತಾನೆ: “ನಾನೇ ಕೈ ಬಿಟ್ಟೆನಾ, ಅಪ್ಪಾ?” ತಪ್ಪು ಅವನದಲ್ಲ ಎಂದು ತಮ್ಮ ಸಹಿ ಹಾಕಿ ಬರೆದುಕೊಡಿ. ಶರತ್ಕಾಲಕ್ಕೆ ಹೊಸ ಹುಡುಗರು ಬರುವ ಮೊದಲು ಕೈ ಕಟ್ಟುವುದನ್ನು ನಿಲ್ಲಿಸಿ. ಪಟ್ಟಿಗಳನ್ನು ಗಂಟು ಬಿಚ್ಚದೆ, ನೆತ್ತರು ತೊಳೆಯದೆ ಇದರೊಂದಿಗೆ ಕಳಿಸಿದ್ದೇನೆ.

ತಪ್ಪಿತಸ್ಥರ ಹೆಸರು ಬರೆಯುವಾಗ ನನ್ನದನ್ನೇ ಮೊದಲು ಬರೆಯಿರಿ. ಇಪ್ಪತ್ತೆರಡು ವರ್ಷ ತಮ್ಮ ವಿಭಾಗದಲ್ಲೇ ತರಬೇತುದಾರನಾಗಿದ್ದೆ. ಅಂದು ಸರಳಿನ ಬಳಿ ನಿಂತಿದ್ದ ತರಬೇತುದಾರ ನನ್ನ ಶಿಷ್ಯ. ಕುದುರೆ ಕಟ್ಟುವ ಆ ಜಾರದ ಗಂಟನ್ನು ಕಲಿಸುತ್ತಾ ಅವನಿಗೆ ನಾನೇ ಹೇಳಿದ್ದೆ: “ಹೆದರಿದೋನು ಕೈ ಬಿಡ್ತಾನೆ. ಬಿಡದ ಹಾಗೆ ಕಟ್ಟು.”

ಇಂತಿ,
ಆ ಗಂಟನ್ನು ಬಿಚ್ಚಲಾಗದೆ ಪಟ್ಟಿ ಕತ್ತರಿಸಿದ
ಸಗಿನಾಲಿ, ನಿವೃತ್ತ ತರಬೇತುದಾರ